ಟೇಪು ಹಿಡಿದು ಅಳೆಯಿರಿ, ಆಮೇಲೆ ಟಿಕೆಟ್ ತೆಗೆಯಿರಿ

ಪುಟಾಣಿ ಮಕ್ಕಳನ್ನು ಕಟ್ಟಿಕೊಂಡು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗುವ ಬಗ್ಗೆ ಈ ಸಲ ಪತ್ರಗಳ ರಾಶಿಯೇ ಬಂದಿದೆ. ಹೆಚ್ಚಿನವು ಬಿಡದಿ ಹತ್ತಿರದ ವಂಡರ್‌ಲಾ ಕುರಿತಾದವು. ಒಂದು ಮೈಸೂರಿನ ಪಾರ್ಕಿನ ಬಗ್ಗೆ, ಇನ್ನೊಂದು ದೂರದ ಕ್ಯಾಲಿಫೋರ್ನಿಯಾದಿಂದ. ಒಂದೇ ಪ್ರಶ್ನೆಯನ್ನು ನಾಲ್ಕು ಜನ ಕೇಳಿದ್ದ ಕಡೆ ಒಂದನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮಗೆ ಆರು ವರ್ಷದ ಮಗಳು, ಮೂರೂವರೆ ವರ್ಷದ ಮಗ. ವಂಡರ್‌ಲಾಗೆ ಹೋಗಲೇಬೇಕೆಂದು ಮಗಳ ಹಟ. ಅಷ್ಟು ದುಡ್ಡು ಸುರಿದು ಹೋದರೆ ಇಬ್ಬರಿಗೂ ಆಡಲು ಏನಾದರೂ ಸಿಗುತ್ತದೆಯೇ? ಯಾವ ವಯಸ್ಸಿಗೆ ಯಾವ ಆಟ ಅಂತ ಲೆಕ್ಕ ಇದೆಯೇ?
— ಒಬ್ಬ ತಾಯಿ, ತುಮಕೂರು

ಉತ್ತರ: ವಯಸ್ಸಿನ ಲೆಕ್ಕ ಬಿಡಿ. ಅಲ್ಲಿ ನಡೆಯುವುದು ಎತ್ತರದ ಲೆಕ್ಕ. ಟಿಕೆಟ್ ಕೂಡ ಹಾಗೆಯೇ: 85 ಸೆಂ.ಮೀ. ಒಳಗಿದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರ ಟಿಕೆಟ್. ಎರಡು ವರ್ಷ ತುಂಬಿದ ಹೆಚ್ಚಿನ ಮಕ್ಕಳು 85 ದಾಟಿರುತ್ತಾರೆ. ಹಾಗಾಗಿ 'ಇನ್ನೂ ಚಿಕ್ಕವನು, ಫ್ರೀ ಇರುತ್ತೆ' ಎಂದುಕೊಂಡು ಹೋಗಿ ಗೇಟಿನಲ್ಲಿ ವಾದಕ್ಕೆ ನಿಲ್ಲಬೇಡಿ. ಉದ್ದಕ್ಕೆ ಬೆಳೆದ ಹತ್ತು ವರ್ಷದ ಹುಡುಗನಿಗೆ ದೊಡ್ಡವರ ಟಿಕೆಟ್ ಬೀಳುವುದೂ ಉಂಟು.

ಮನೆಯಲ್ಲೇ ಅಳೆದುಕೊಳ್ಳಿ. ಮಗು ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಲಿ. ಜುಟ್ಟು, ಕ್ಲಿಪ್ಪು ಬಿಚ್ಚಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತಲೆಯ ಮೇಲಿಟ್ಟು ಗೋಡೆಗೆ ಒತ್ತಿ, ಅದರ ಅಡಿಗೆ ಪೆನ್ಸಿಲ್ ಗೆರೆ ಎಳೆಯಿರಿ. ನೆಲದಿಂದ ಗೆರೆಯವರೆಗೆ ಬಡಗಿಯ ಕಬ್ಬಿಣದ ಟೇಪಿನಲ್ಲಿ ಅಳೆಯಿರಿ. ದರ್ಜಿಯ ಟೇಪು ಹಳತಾದಷ್ಟೂ ಹಿಗ್ಗಿರುತ್ತದೆ, ಅದನ್ನು ನಂಬಬೇಡಿ. ಸಂಜೆ ಅಳೆಯುವುದು ಇನ್ನೂ ಒಳ್ಳೆಯದು. ದಿನವೆಲ್ಲ ಓಡಾಡಿದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಕುಗ್ಗಿ ಎತ್ತರ ಸ್ವಲ್ಪ ಕಡಿಮೆ ಬರುತ್ತದೆ. ಬೆಳಿಗ್ಗೆ ಮನೆಯಲ್ಲಿ ಗೆರೆ ಮುಟ್ಟಿದ ಮಗು ಸಂಜೆ ನಾಲ್ಕಕ್ಕೆ ಆಟದ ಬಾಗಿಲಲ್ಲಿ ಅರ್ಧ ಸೆಂ.ಮೀ. ಕಡಿಮೆ ಬೀಳುವುದು ಇದರಿಂದಲೇ.

ಆರು ವರ್ಷಕ್ಕೆ ಸಾಮಾನ್ಯವಾಗಿ 115 ಸೆಂ.ಮೀ., ಮೂರೂವರೆಗೆ ಹತ್ತಿರ ಹತ್ತಿರ 100 ಇರುತ್ತದೆ. ಕುದುರೆಯ ಸುತ್ತಾಟ, ಕಪ್ಪೆಯ ಹಾಗೆ ಮೇಲೆ ಕೆಳಗೆ ಕುಪ್ಪಳಿಸುವ ಆಟದಂಥ ಮಕ್ಕಳ ವಿಭಾಗದ ಆಟಗಳು, ಮೊಣಕಾಲು ಮಟ್ಟದ ಕೊಳ, ಪುಟ್ಟ ಜಾರುಬಂಡಿ ನಿಮ್ಮ ಇಬ್ಬರಿಗೂ ಸಿಗುತ್ತವೆ. ರಿಕಾಯಿಲ್‌ನಂಥ ತಲೆಕೆಳಗು ಮಾಡುವ ಕೋಸ್ಟರ್ ಇಬ್ಬರಿಗೂ ಇಲ್ಲ. ತೊಂದರೆ ಇರುವುದು ನಡುವಿನವುಗಳಲ್ಲಿ, ಅಂದರೆ ಅಕ್ಕ ಹತ್ತಬಹುದು, ತಮ್ಮ ಹತ್ತುವ ಹಾಗಿಲ್ಲ ಎನ್ನುವಂಥವು. ಗೋಡೆಯ ಮೇಲೆ ಎಳೆದ ಗೆರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 120ರ ಹತ್ತಿರ ಇನ್ನೊಂದು ಗೆರೆ ಎಳೆದು, 'ಇಲ್ಲಿಗೆ ತಲೆ ಮುಟ್ಟಿದ ವರ್ಷ ದೊಡ್ಡ ಆಟ' ಎಂದು ಹಿಂದಿನ ರಾತ್ರಿಯೇ ತೋರಿಸಿ. ಅಳುವುದನ್ನು ಮನೆಯಲ್ಲೇ ಅತ್ತು ಮುಗಿಸಲಿ.

ಆಟದ ಬಾಗಿಲಲ್ಲಿ ನಿಂತ ಹುಡುಗನ ಹತ್ತಿರ 'ನಮ್ಮವನು ಹೆದರಲ್ಲ, ಬಿಡಪ್ಪ' ಎನ್ನಬೇಡಿ. ಅವರು ಅಳೆಯುತ್ತಿರುವುದು ಧೈರ್ಯವನ್ನಲ್ಲ. ತೊಡೆಯ ಮೇಲೆ ಬಂದು ಕೂರುವ ಕಬ್ಬಿಣದ ಸರಳು ದೊಡ್ಡ ಮೈಗೆ ಹೊಂದಿಸಿದ್ದು. ಚಿಕ್ಕ ಮಗು ಅದರ ಅಡಿಯಿಂದ ನುಸುಳಿಬಿಡಬಹುದು, ಕಾಲು ಊರಿ ಮೈ ಹಿಡಿದುಕೊಳ್ಳಲೂ ಆಗುವುದಿಲ್ಲ.

ಒಟ್ಟಿನಲ್ಲಿ ನಿಮ್ಮ ಮಗಳಿಗೆ ದುಡ್ಡು ಸಾರ್ಥಕ, ಮಗನಿಗೆ ಮುಕ್ಕಾಲು ಸಾರ್ಥಕ. ಮನೆಯಲ್ಲಿರುವುದು ಎರಡು ವರ್ಷದೊಳಗಿನ ಒಂದೇ ಕೂಸು ಎನ್ನುವವರಿಗೆ ಮಾತ್ರ, ಕಬ್ಬನ್ ಪಾರ್ಕಿನ ಬಾಲಭವನವೇ ಸಾಕು ಎಂದು ಹೇಳುತ್ತೇವೆ.

ಪ್ರಶ್ನೆ: ರಶ್ ಕಡಿಮೆ ಇರಲೆಂದು ಡಿಸೆಂಬರಿನಲ್ಲಿ ಒಂದು ಬುಧವಾರ ರಜೆ ಹಾಕಿ ಹೋದೆವು. ಭಾನುವಾರವೇ ವಾಸಿ ಅನ್ನಿಸಿತು. ಯಾಕೆ ಹೀಗೆ?
— ವಿಜಯನಗರ, ಬೆಂಗಳೂರು

ಉತ್ತರ: ಶಾಲಾ ಪ್ರವಾಸ! ನವೆಂಬರಿನಿಂದ ಜನವರಿವರೆಗೆ ರಾಜ್ಯದ ಮೂಲೆಮೂಲೆಯ ಶಾಲೆಗಳ ಬಸ್ಸುಗಳು ಮೈಸೂರು ರಸ್ತೆಯಲ್ಲೇ ಇರುತ್ತವೆ, ಅವು ಬರುವುದು ವಾರದ ದಿನಗಳಲ್ಲಿ. ಪುಟ್ಟ ಮಕ್ಕಳಿದ್ದವರಿಗೆ ಅನುಕೂಲವಾದ ಕಾಲ ಜೂನ್ ಎರಡನೆಯ ವಾರದಿಂದ ಜುಲೈ ಕೊನೆಯವರೆಗಿನ ಮಂಗಳವಾರ, ಬುಧವಾರ, ಗುರುವಾರ. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಪ್ರವಾಸದ ಮಾತು ಇನ್ನೂ ಎದ್ದಿರುವುದಿಲ್ಲ, ಬಿಸಿಲೂ ಇಳಿದಿರುತ್ತದೆ. ಜಿನುಗು ಮಳೆ ಬಂದರೆ ಬರಲಿ, ನೀರಿಗಿಳಿಯಲು ಹೊರಟವರು ಮಳೆಗೆ ಹೆದರುವುದೇನು? ಗುಡುಗು, ಮಿಂಚು ಬೇರೆ ಮಾತು. ಆಗ ಎತ್ತರದ ಆಟಗಳನ್ನೂ ಕೊಳಗಳನ್ನೂ ನಿಲ್ಲಿಸುತ್ತಾರೆ. ಹಾಗಾಗಿ ಮಧ್ಯಾಹ್ನದ ಮೇಲೆ ಗುಡುಗುವ ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ಬೇಕಾದ ಆಟಗಳನ್ನು ಮೂರು ಗಂಟೆಯೊಳಗೆ ಮುಗಿಸಿಕೊಳ್ಳಬೇಕು.

ಶಾಲೆಯ ಬಸ್ಸುಗಳಿರುವ ದಿನವೇ ಹೋಗಬೇಕಾಗಿ ಬಂದರೂ ಒಂದು ಸಮಾಧಾನವಿದೆ. ಆ ದೊಡ್ಡ ಮಕ್ಕಳೆಲ್ಲ ನುಗ್ಗುವುದು ದೊಡ್ಡ ಆಟಗಳಿಗೆ ಮತ್ತು ಅಲೆಗಳ ಕೊಳಕ್ಕೆ. ಪುಟಾಣಿಗಳ ವಿಭಾಗ ಅಂದೂ ಖಾಲಿಯೇ ಇರುತ್ತದೆ. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ಪುಟ್ಟ ಮಕ್ಕಳ ಸಂಸಾರಕ್ಕೆ ಇಲ್ಲ.

ಪ್ರಶ್ನೆ: ಮೊದಲು ನೀರಾಟವೋ, ನೆಲದ ಆಟವೋ? ಹೋದ ಸಲ ನೀರಿಂದ ಶುರು ಮಾಡಿ, ಮಧ್ಯಾಹ್ನಕ್ಕೆಲ್ಲ ಇಬ್ಬರೂ ಮಕ್ಕಳು ರಂಪ. ನಾಲ್ಕು ಮತ್ತು ಏಳು ವರ್ಷದವರು. ಗಂಟೆವಾರು ಹೇಳಿದರೆ ಉಪಕಾರ.
— ಒಬ್ಬ ತಂದೆ, ಮಂಡ್ಯ

ಉತ್ತರ: ರಂಪಕ್ಕೆ ಕಾರಣ ನೀರಲ್ಲ, ಬಟ್ಟೆ ಬದಲಿಸುವುದು. ಒದ್ದೆ ಬಟ್ಟೆಯಲ್ಲಿ ನೆಲದ ಆಟಗಳಿಗೆ ಬಿಡುವುದಿಲ್ಲ. ಒಂದು ಮಗುವಿನ ಅಂಟಿಕೊಂಡ ಒದ್ದೆ ಈಜುಡುಗೆ ಕಿತ್ತು, ಒರೆಸಿ, ಒಣ ಬಟ್ಟೆ ತೊಡಿಸಿ, ಲಾಕರಿಗೆ ಹೋಗಿಬರಲು ಇಪ್ಪತ್ತು ನಿಮಿಷ ಬೇಕು. ಇಬ್ಬರಿಗೆ ಅರ್ಧ ಗಂಟೆ ಮೀರುತ್ತದೆ. ಆ ಅರ್ಧ ಗಂಟೆಯಲ್ಲಿ ಹಸಿವೂ ಚಳಿಯೂ ಕೂಡಿಕೊಂಡರೆ ಮುಗಿಯಿತು. ಹಾಗಾಗಿ ನೀರಿಗೆ ಇಳಿಯುವುದೂ ಒಮ್ಮೆ, ಏಳುವುದೂ ಒಮ್ಮೆ. ಮಿಕ್ಕಿದ್ದೆಲ್ಲವನ್ನೂ ಇದರ ಸುತ್ತ ಹೊಂದಿಸಿ.

ವಾರದ ದಿನಗಳಲ್ಲಿ ಪಾರ್ಕು ತೆರೆಯುವುದು 11ಕ್ಕೆ, ಮುಚ್ಚುವುದು 6ಕ್ಕೆ. ರಜೆಯ ದಿನಗಳಲ್ಲಿ ಸಂಜೆ 7ರವರೆಗೂ ಇರುತ್ತದೆ. ಋತು ನೋಡಿ ಹೊತ್ತು ಬದಲಿಸುವುದುಂಟು, ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿ, ಟಿಕೆಟನ್ನೂ ಅಲ್ಲೇ ತೆಗೆದಿಟ್ಟುಕೊಳ್ಳಿ. 10.30ಕ್ಕೆ ಗೇಟಿನ ಎದುರು ಇರಬೇಕು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದುರಿಗೆ ಕಂಡ ಮೊದಲ ಆಟಕ್ಕೆ ಸಾಲು ಹಚ್ಚುತ್ತಾರೆ. ನೀವು ಅದನ್ನು ಬಿಟ್ಟು ನೇರ ಮಕ್ಕಳ ವಿಭಾಗಕ್ಕೆ ನಡೆಯಿರಿ. 11ರಿಂದ 12.15ರವರೆಗೆ ನೆಲದ ಆಟ. ಸಾಲೇ ಇಲ್ಲದ ಆ ಹೊತ್ತಿನಲ್ಲಿ ಮಗು ಅದೇ ಕಪ್ಪೆಯ ಮೇಲೆ ಮೂರು ಸಲ ಕೂರಬೇಕೆಂದರೆ ಕೂರಲಿ. 'ಅಷ್ಟು ಆಟಗಳಿವೆ, ಇದೊಂದರಲ್ಲೇ ಕೂತಿದ್ದೀಯಲ್ಲ' ಎಂದು ಎಳೆದೊಯ್ಯುವುದು ದೊಡ್ಡವರು ಮಾಡುವ ಮೊದಲ ತಪ್ಪು.

12.15ಕ್ಕೆ ಊಟ. ಒಂದು ಗಂಟೆಗೆ ಹೋದರೆ ತಟ್ಟೆ ಹಿಡಿದು ಜಾಗ ಹುಡುಕುವುದೇ ಒಂದು ಆಟವಾಗುತ್ತದೆ. ಊಟವಾದ ಮೇಲೆ 1.30ರವರೆಗೆ ಮರದ ನೆರಳಲ್ಲೋ ಒಳಾಂಗಣದ ಆಟವೊಂದರಲ್ಲೋ ಕೂತುಕೊಳ್ಳಿ. ನಾಲ್ಕು ವರ್ಷದವನು ಹಾಗೇ ತೋಳ ಮೇಲೆ ಕಣ್ಣು ಮುಚ್ಚಿದರೆ ಎಬ್ಬಿಸಬೇಡಿ, ಆ ನಲವತ್ತು ನಿಮಿಷದ ನಿದ್ದೆ ಸಂಜೆಯನ್ನು ಉಳಿಸುತ್ತದೆ. ಅಷ್ಟು ಹೊತ್ತು ಏಳು ವರ್ಷದವರನ್ನು ಒಬ್ಬರು ಕರೆದೊಯ್ದು ಅವರ ಅಳತೆಯ ಆಟ ಆಡಿಸಿಕೊಂಡು ಬರಬಹುದು.

1.45ಕ್ಕೆ ನೀರಿಗೆ. 3.45ರ ಒಳಗೆ ಮೇಲೇಳಬೇಕು, ಯಾರು ಎಷ್ಟೇ ಗೋಗರೆದರೂ. ಪುಟ್ಟ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಹಾಗಾಗಿ ಬಿಸಿ ಬೇಗ ಬಿಟ್ಟುಹೋಗುತ್ತದೆ. ಬೆಂಗಳೂರಿನ ವಂಡರ್‌ಲಾದಲ್ಲಿ ಚಳಿಗಾಲಕ್ಕೆ ಸೌರಶಕ್ತಿಯಿಂದ ಕಾಯಿಸಿದ ನೀರು ಬಿಡುತ್ತಾರೆ ನಿಜ. ಆದರೆ ಮಗು ನಡುಗುವುದು ನೀರಿನೊಳಗಲ್ಲ, ಮೇಲೆದ್ದ ಮೇಲೆ ಗಾಳಿಗೆ. ತುಟಿ ನೀಲಿಗಟ್ಟಿದರೆ, ಹಲ್ಲು ಕಟಕಟ ಎಂದರೆ ಗಡಿಯಾರ ನೋಡಬೇಡಿ, ಎತ್ತಿಕೊಂಡು ಬನ್ನಿ. ನಡುವೆ ಪ್ರತಿ ಅರ್ಧ ಗಂಟೆಗೊಮ್ಮೆ ಹೊರಗೆ ತಂದು ನಾಲ್ಕು ಗುಟುಕು ನೀರು ಕುಡಿಸಿ, ಶೌಚಾಲಯಕ್ಕೆ ಕರೆದೊಯ್ಯಿರಿ. ನೀರಲ್ಲಿರುವ ಮಗುವಿಗೆ ಬಾಯಾರಿಕೆಯೂ ಗೊತ್ತಾಗುವುದಿಲ್ಲ, ಒಂದಕ್ಕೆ ಬಂದದ್ದೂ ಗೊತ್ತಾಗುವುದಿಲ್ಲ.

ಒಣ ಬಟ್ಟೆ ತೊಡಿಸಿ ಏನಾದರೂ ಬಿಸಿಯಾಗಿ ತಿನ್ನಿಸಿದ ಮೇಲೆ ಒಂದೋ ಎರಡೋ ಮೆಲ್ಲಗಿನ ಆಟ. 5.15ಕ್ಕೆ ಹೊರಡಿ. ಮುಚ್ಚುವವರೆಗೂ ಇದ್ದರೆ ಪಾರ್ಕಿಂಗಿನಿಂದ ಕಾರು ಹೊರಗೆ ತೆಗೆಯುವಷ್ಟರಲ್ಲಿ ಮಕ್ಕಳಿಗೆ ಮತ್ತೆ ಹಸಿವು. ನೀವು ಮಂಡ್ಯ ಕಡೆಗೆ ಹಿಂದಿರುಗುವವರಾದ್ದರಿಂದ ಮಕ್ಕಳ ರಾತ್ರಿ ಊಟವನ್ನು ದಾರಿಯಲ್ಲೇ 6.30ರೊಳಗೆ ಮುಗಿಸಿಬಿಡಿ. ರಾಮನಗರ ದಾಟುವಷ್ಟರಲ್ಲಿ ಇಬ್ಬರೂ ನಿದ್ದೆಹೋಗಿರುತ್ತಾರೆ, ಆಮೇಲೆ ಎಬ್ಬಿಸಿ ತಿನ್ನಿಸುವ ಪಾಡು ಬೇಡ.

ಪ್ರಶ್ನೆ: ಹತ್ತಿ ಬಟ್ಟೆ ಹಾಕಿಕೊಂಡು ನೀರಿಗೆ ಇಳಿಯಬಾರದಂತೆ. ಎಳೆಯ ಚರ್ಮಕ್ಕೆ ಹತ್ತಿಯೇ ಒಳ್ಳೆಯದಲ್ಲವೇ? ಅಲ್ಲೇ ಈಜುಡುಗೆ ಮಾರುವುದಕ್ಕೆ ಮಾಡಿದ ಉಪಾಯವೋ?
— ಹಾಸನ

ಉತ್ತರ: ಉಪಾಯ ಅಲ್ಲ. ಹತ್ತಿ ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ, ಅದರ ಸಣ್ಣ ಎಳೆಗಳು ಉದುರಿ ನೀರು ಸೋಸುವ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತವೆ. ಜಾರುಬಂಡಿಯಲ್ಲಿ ಒದ್ದೆ ಹತ್ತಿ ಅಂಟಿಕೊಂಡು ಮಗು ನಡುವೆಯೇ ನಿಂತರೆ ಹಿಂದಿನಿಂದ ಬರುವವರು ಬಂದು ಗುದ್ದುತ್ತಾರೆ. ನೈಲಾನ್, ಲೈಕ್ರಾ ಅಥವಾ ಪಾಲಿಯೆಸ್ಟರ್ ಆಗಬೇಕು. ಲೋಹದ ಝಿಪ್, ಗುಂಡಿ, ರಿವೆಟ್ ಇರಬಾರದು, ಅವು ಜಾರುಬಂಡಿಯ ಮೈಯನ್ನೂ ಗೀರುತ್ತವೆ, ಪಕ್ಕದವರ ಮೈಯನ್ನೂ. ಸೀರೆ, ಪಂಚೆ, ದುಪಟ್ಟಾಗಳಿಗೂ ಇದೇ ನಿಯಮ. ನೀರಿಗಿಳಿಯದ ಅಜ್ಜಿ ತಾತ ಇದ್ದರೆ ಚಿಂತೆಯಿಲ್ಲ, ಒಣ ಚೀಲ ಕಾಯಲು ಒಬ್ಬರು ಬೇಕೇ ಬೇಕು.

ಅಲ್ಲಿ ಕೊಳ್ಳುವ ಬದಲು ಊರಿನಿಂದಲೇ ತನ್ನಿ. ಮಕ್ಕಳಿಗೆ ಮೊಣಕೈ, ಮೊಣಕಾಲು ಮುಚ್ಚುವ ಉಡುಪು ಇರಲಿ. ಬಿಸಿಲಿಗೂ ಆಯಿತು, ತರಚುವುದಕ್ಕೂ ಆಯಿತು. ಮಗು ನೀರಿನಡಿಗೆ ಜಾರಿದರೂ ತಟ್ಟನೆ ಕಣ್ಣಿಗೆ ಬೀಳಬೇಕು, ಹಾಗಾಗಿ ಬಣ್ಣ ಆರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ನೀಲಿ ಬಕೆಟ್ಟಿನ ತುಂಬ ನೀರು ಹಿಡಿದು, ಉಡುಪನ್ನು ತಳಕ್ಕೆ ಅದ್ದಿ, ನೀರನ್ನು ಕೈಯಿಂದ ಕಲಕಿ ನೋಡಿ. ಆಕಾಶನೀಲಿ ಕಾಣೆಯಾಗುತ್ತದೆ, ಬಿಳಿ ಬೆಳಕಿನ ಹೊಳಪಿನಲ್ಲಿ ಕಲಸಿಹೋಗುತ್ತದೆ, ಕಡುನೀಲಿ ನೆರಳಿನ ಹಾಗೆ ಕಾಣುತ್ತದೆ. ಕಣ್ಣು ಕುಕ್ಕುವ ಕಿತ್ತಳೆ, ಗಾಢ ಗುಲಾಬಿ ಮಾತ್ರ ಕಲಕಿದ ನೀರಿನಲ್ಲೂ ಎದ್ದು ಕಾಣುತ್ತವೆ. ಅಂಗಡಿಯಲ್ಲಿ ಮಕ್ಕಳಿಗೆಂದು ನೇತುಹಾಕಿರುವುದರಲ್ಲಿ ಮುಕ್ಕಾಲು ಪಾಲು ನೀಲಿಯೇ ಏಕಿರುತ್ತದೋ, ಆ ಹೊಲಿದವರೇ ಹೇಳಬೇಕು.

ಡೈಪರ್ ಹಾಕುವ ಮಕ್ಕಳಿಗೆ ಈಜಿನ ಡೈಪರ್ ಬೇರೆಯೇ ಬರುತ್ತದೆ. ಮಾಮೂಲಿ ಡೈಪರ್ ಕೊಳದ ನೀರನ್ನೆಲ್ಲ ಹೀರಿ ಸೋರೆಕಾಯಿಯಷ್ಟು ಊದಿ ಹರಿಯುತ್ತದೆ, ಒಳಗಿನ ಅಂಟು ನೀರಿಗೆ ಬೀಳುತ್ತದೆ. ಈಜಿನದ್ದು ಮೂತ್ರ ತಡೆಯುವುದಿಲ್ಲ, ಮಲವನ್ನು ಮಾತ್ರ ಸ್ವಲ್ಪ ಹೊತ್ತು ತಡೆಯುತ್ತದೆ. ಆದ್ದರಿಂದ ಕಾರಿನಲ್ಲಿ ಬರುವಾಗಲೇ ಹಾಕಬೇಡಿ, ನೀರಿಗೆ ಇಳಿಯುವ ಐದು ನಿಮಿಷ ಮುಂಚೆ ಹಾಕಿ. ಎರಡು ಸಾಕು. ಭೇದಿ ಇರುವ ಮಗುವನ್ನು ಅಂದು ನೀರಿಗೆ ಇಳಿಸಲೇಬಾರದು.

ಪ್ರಶ್ನೆ: ನನ್ನ ಮಗುವಿಗೆ ಹದಿನಾಲ್ಕು ತಿಂಗಳು. ಅಕ್ಕನ ಮಕ್ಕಳ ಜೊತೆ ನಾವೂ ಹೊರಟಿದ್ದೇವೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂತಾರೆ. ರಾಗಿ ಸರಿ ಬಿಟ್ಟು ಬೇರೇನೂ ತಿನ್ನುವುದಿಲ್ಲ ಇವಳು. ಏನು ಮಾಡಲಿ?
— ಚನ್ನರಾಯಪಟ್ಟಣ

ಉತ್ತರ: ಕೈಗೂಸಿನ ಆಹಾರ, ಔಷಧಿ ಬಿಡುತ್ತಾರೆ. ಚೀಲದ ತಳದಲ್ಲಿ ಬಚ್ಚಿಡಬೇಡಿ, ಮೇಲೇ ಇಟ್ಟು ಕೇಳುವ ಮೊದಲೇ ತೋರಿಸಿ.

ಸರಿಯನ್ನು ಹೀಗೆ ಒಯ್ಯಿರಿ. ಎರಡು ದೊಡ್ಡ ಚಮಚ ಸರಿ ಹಿಟ್ಟನ್ನು ಮೊದಲು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಒಂದು ಲೋಟ ಕುದಿಯುವ ನೀರಿಗೆ ಸುರಿದು ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಬಿಡದೆ ತಿರುವಿ. ಮನೆಯಲ್ಲಿ ತಿನ್ನಿಸುವುದಕ್ಕಿಂತ ತೆಳ್ಳಗಿರಲಿ. ಫ್ಲಾಸ್ಕಿನೊಳಗೆ ಅದು ಗಟ್ಟಿಯಾಗುತ್ತಲೇ ಹೋಗುತ್ತದೆ, ಮನೆಯ ಹದಕ್ಕೆ ಮಾಡಿಕೊಂಡು ಹೋದವರು ಮಧ್ಯಾಹ್ನ ಮುದ್ದೆ ಕೆರೆದು ತೆಗೆಯಬೇಕಾಗುತ್ತದೆ. ಹಾಲು ಹಾಕಿ ಬೇಯಿಸಬೇಡಿ, ಬೆಚ್ಚಗಿನ ಮುಚ್ಚಿದ ಪಾತ್ರೆಯಲ್ಲಿ ಹಾಲು ಬೇಗ ಕೆಡುತ್ತದೆ. ತುಪ್ಪವನ್ನು ಪುಟ್ಟ ಡಬ್ಬಿಯಲ್ಲಿ ಬೇರೆ ಒಯ್ದು ತಿನ್ನಿಸುವಾಗ ಬೆರೆಸಿ. ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಮುಚ್ಚಿಟ್ಟು, ಅದನ್ನು ಚೆಲ್ಲಿ, ಆಮೇಲೆ ಸುಡುಸುಡುವ ಸರಿಯನ್ನು ಕಂಠದವರೆಗೆ ತುಂಬಿ. ಅರ್ಧ ಫ್ಲಾಸ್ಕ್ ತುಂಬಿದರೆ ಬೇಗ ಆರುತ್ತದೆ. ನಾಲ್ಕು ಗಂಟೆಯೊಳಗೆ ಮುಗಿಸಿ, ಉಗುರುಬೆಚ್ಚಗಾಗಿ ಉಳಿದದ್ದನ್ನು ಚೆಲ್ಲಿಬಿಡಿ. ತಿನ್ನಿಸುವ ಮುಂಚೆ ಮಣಿಕಟ್ಟಿನ ಒಳಮೈ ಮೇಲೆ ಒಂದು ತೊಟ್ಟು ಬಿಟ್ಟು ನೋಡಿ, ಒಳ್ಳೆಯ ಫ್ಲಾಸ್ಕಿನಲ್ಲಿ ಎರಡು ಗಂಟೆಯಾದರೂ ಬಾಯಿ ಸುಡುವಷ್ಟು ಬಿಸಿ ಇರುತ್ತದೆ. ಸಂಜೆಗೆ ಒಂದು ಬಾಳೆಹಣ್ಣು, ಹುರಿದ ಅವಲಕ್ಕಿ ಪುಡಿ ಇರಲಿ. ಅದಕ್ಕೆ ಬಿಸಿನೀರು ಸೇರಿಸಿದರೆ ಸಾಕು.

ದೊಡ್ಡ ಮಕ್ಕಳಿಗೆ ಬಿಡದಿಯ ತಟ್ಟೆ ಇಡ್ಲಿ ಇದ್ದೇ ಇದೆಯಲ್ಲ. 9.30ರ ಹೊತ್ತಿಗೆ ಹೊಟ್ಟೆ ತುಂಬ ತಿನ್ನಿಸಿ ಒಳಗೆ ಹೋದರೆ ಮಧ್ಯಾಹ್ನದವರೆಗೆ ಕೇಳುವುದಿಲ್ಲ. ಕೆಂಪು ಚಟ್ನಿ ಮಾತ್ರ ಬೇಡ, ಖಾರ ತಿಂದು ತಿರುಗುವ ಆಟಕ್ಕೆ ಕೂತರೆ ಆಗುವುದೇನೆಂದು ಮುಂದಿನ ಪತ್ರ ಹೇಳುತ್ತದೆ.

ಬಿಸಿಲಿನ ದಿನ ಒಆರ್‌ಎಸ್ ಪುಡಿ ಎರಡು ಪೊಟ್ಟಣ ಇಟ್ಟುಕೊಳ್ಳಿ. ವಾಂತಿಯೋ ಭೇದಿಯೋ ಆದರೆ ಬೇಕಾಗುತ್ತದೆ. ದೊಡ್ಡ ಪೊಟ್ಟಣಕ್ಕೆ 1 ಲೀಟರ್, ಚಿಕ್ಕದಕ್ಕೆ 200 ಮಿ.ಲೀ. ನೀರು. ಮೇಲೆ ಬರೆದಷ್ಟೇ ಹಾಕಬೇಕು, ಅರ್ಧ ಪುಡಿ ಅಂದಾಜಿನಲ್ಲಿ ಲೋಟಕ್ಕೆ ಸುರಿಯುವ ಹಾಗಿಲ್ಲ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಒಆರ್‌ಎಸ್ ಎಂಬ ಹೆಸರು ಹೊತ್ತು ಬರುತ್ತಿದ್ದ ಸಿಹಿ ಪಾನೀಯದ ಪೊಟ್ಟಣಗಳು ಔಷಧಿಯಲ್ಲ. ಆ ಹೆಸರನ್ನು ತಿಂಡಿ-ಪಾನೀಯಗಳ ಮೇಲೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದೆ.

ಪ್ರಶ್ನೆ: ತಿರುಗುವ ಆಟ ಇಳಿದ ಕೂಡಲೇ ಮಗ ವಾಂತಿ ಮಾಡಿಕೊಳ್ಳುತ್ತಾನೆ. ಹೋಗುವ ಮುಂಚೆ ಮಾತ್ರೆ ಕೊಡಬಹುದೇ?
— ಚಿಕ್ಕಬಳ್ಳಾಪುರ

ಉತ್ತರ: ಮಕ್ಕಳ ಡಾಕ್ಟರನ್ನು ಕೇಳದೆ ಕೊಡಬೇಡಿ. ಹೆಚ್ಚಿನವು ನಿದ್ದೆ ಬರಿಸುತ್ತವೆ, ತೂಗಡಿಸುವ ಮಗುವನ್ನು ನೀರಿಗೆ ಇಳಿಸುವುದು ಅಪಾಯ. ಒಳಕಿವಿ 'ತಿರುಗುತ್ತಿದ್ದೇನೆ' ಎನ್ನುವಾಗ ಕಣ್ಣು 'ಎದುರಿನ ಸೀಟು ಅಲುಗಾಡದೆ ಇದೆಯಲ್ಲ' ಎನ್ನುತ್ತದೆ. ಈ ತಕರಾರಿನಿಂದ ಓಕರಿಕೆ. ಹಾಗಾಗಿ ಕಣ್ಣು ಮುಚ್ಚಿಸುವುದಕ್ಕಿಂತ ದೂರದ ಗೋಪುರವೋ ಮರದ ತುದಿಯೋ ನೋಡಲು ಹೇಳಿ. ಊಟವಾಗಿ ಮುಕ್ಕಾಲು ಗಂಟೆ ಕಳೆದಿರಲಿ. ಪೂರ್ತಿ ಖಾಲಿ ಹೊಟ್ಟೆಯೂ ಕೆಟ್ಟದ್ದೇ, ಎರಡು ಬಿಸ್ಕತ್ತಾದರೂ ಬಿದ್ದಿರಬೇಕು. ಒಂದು ತಿರುಗುವ ಆಟದ ಹಿಂದೆಯೇ ಇನ್ನೊಂದು ಬೇಡ.

ಪ್ರಶ್ನೆ: ಅಲೆಗಳ ಕೊಳದಲ್ಲಿ ಐದು ವರ್ಷದ ಮಗಳಿಗೆ ತೋಳಿಗೆ ಗಾಳಿ ಚೀಲ ಕಟ್ಟಿಬಿಟ್ಟರೆ ಸಾಕಲ್ಲವೇ? ಲೈಫ್‌ಗಾರ್ಡ್ ಇದ್ದೇ ಇರುತ್ತಾರಲ್ಲ. ಗಲಾಟೆಯಲ್ಲಿ ಕೈತಪ್ಪಿದರೆ ಏನು ಮಾಡಬೇಕೆಂದೂ ತಿಳಿಸಿ.
— ದಾವಣಗೆರೆ

ಉತ್ತರ: ಸಾಲದು. ತೋಳಿನ ಗಾಳಿ ಚೀಲ ಒಂದು ದೊಡ್ಡ ಅಲೆಗೆ ಜಾರಿ ಕಳಚಿಕೊಳ್ಳುತ್ತದೆ, ಇಲ್ಲವೇ ಗಾಳಿ ಬಿಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅದನ್ನು ಕಟ್ಟಿದ ತಂದೆ ತಾಯಿ ಮೊಬೈಲ್ ತೆಗೆಯುತ್ತಾರೆ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೈ ಬೀಸಿ ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗಲು ಎಲ್ಲಿಂದ ಬರಬೇಕು? ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಸದ್ದಿಲ್ಲದೆ ಒಂದು ನಿಮಿಷದೊಳಗೆ ಎಲ್ಲ ಆಗಿಹೋಗುತ್ತದೆ. ನೂರಾರು ತಲೆಗಳ ನಡುವೆ ಲೈಫ್‌ಗಾರ್ಡಿನ ಕಣ್ಣಿಗೆ ಅದು ಬೀಳುವ ಮುಂಚೆ ನಿಮ್ಮ ಕೈಗೆ ಸಿಗಬೇಕು.

ಆರು ವರ್ಷದೊಳಗಿನ ಮಗು ನಿಮ್ಮ ಕೈ ಚಾಚಿದರೆ ಸಿಗುವ ದೂರದಲ್ಲೇ ಇರಲಿ. ಇಬ್ಬರು ದೊಡ್ಡವರಿದ್ದರೆ 'ಇಬ್ಬರೂ ನೋಡುತ್ತಿದ್ದೇವೆ' ಎಂಬುದು 'ಯಾರೂ ನೋಡುತ್ತಿಲ್ಲ' ಎಂದಾಗುತ್ತದೆ. ಹದಿನೈದು ನಿಮಿಷಕ್ಕೊಬ್ಬರಂತೆ ಬಾಯಿಬಿಟ್ಟು ಹೇಳಿ ವಹಿಸಿಕೊಳ್ಳಿ: 'ಈಗ ನಾನು ನೋಡ್ತೀನಿ.' ಕೊಳದಲ್ಲಿ ನೀರು ಮಗುವಿನ ಮೊಣಕಾಲಿಗಿಂತ ಮೇಲೆ ಬರದ ಕಡೆ, ಬದಿಯ ಗೋಡೆಯಿಂದ ದೂರ ನಿಲ್ಲಿ. ಅಲೆ ಬಂದಾಗ ಆ ಮೊಣಕಾಲುದ್ದವೇ ಎದೆಯುದ್ದವಾಗುತ್ತದೆ, ವಾಪಸಾಗುವ ನೀರು ಕಾಲಡಿಯನ್ನು ಎಳೆಯುತ್ತದೆ. ಅಲೆ ಬರುವ ಸೂಚನೆ ಕೊಟ್ಟ ಕೂಡಲೇ ಜನ ನುಗ್ಗುತ್ತಾರೆ. ಆ ಮೊದಲ ಎರಡು ನಿಮಿಷ ಮಗುವಿನೊಡನೆ ದಂಡೆಯಲ್ಲೇ ಇರಿ.

ಕೈತಪ್ಪುವ ವಿಚಾರ. ಬೆಳಿಗ್ಗೆ ಒಳಗೆ ಹೋಗುವ ಮುಂಚೆ ಆ ದಿನದ ಬಟ್ಟೆಯಲ್ಲೇ ಮಗುವಿನ ಫೋಟೊ ತೆಗೆಯಿರಿ, ನೀರಿಗಿಳಿಯುವ ಮುಂಚೆ ಈಜುಡುಗೆಯಲ್ಲಿ ಇನ್ನೊಂದು. ಗಾಬರಿಯಲ್ಲಿ 'ಅಂಗಿ ಯಾವ ಬಣ್ಣ' ಎಂದು ಕೇಳಿದರೆ ಹೆತ್ತ ತಾಯಿಗೂ ನೆನಪಾಗುವುದಿಲ್ಲ. ಮುಂದೋಳಿನ ಹೊರಮೈ ಮೇಲೆ ಬಾಲ್‌ಪೆನ್ನಿನಲ್ಲಿ ಎರಡು ಮೊಬೈಲ್ ನಂಬರು ಬರೆದು, ಒಣಗಿದ ಮೇಲೆ ಬಣ್ಣವಿಲ್ಲದ ನೇಲ್‌ಪಾಲಿಶ್ ತೆಳ್ಳಗೆ ಹಚ್ಚಿ. ಹಾಗೇ ಬರೆದದ್ದು ನೀರಿನಲ್ಲಿ ಅಳಿಸಿಹೋಗುತ್ತದೆ. ಒಂದು ನಂಬರು ನೀರಿಗೆ ಇಳಿಯದೆ ಚೀಲ ಕಾಯುತ್ತಿರುವವರದ್ದಾಗಿರಲಿ, ಲಾಕರಿನೊಳಗಿನ ಫೋನು ರಿಂಗಾಗಿ ಪ್ರಯೋಜನವೇನು? ಮಗುವಿಗೆ ಹೇಳಿಕೊಡಬೇಕಾದದ್ದು ಎರಡೇ ಮಾತು: 'ಅಮ್ಮ ಕಾಣದಿದ್ದರೆ ಅಲ್ಲೇ ನಿಲ್ಲು, ಹುಡುಕಿಕೊಂಡು ಹೋಗಬೇಡ. ಯೂನಿಫಾರ್ಮ್ ಹಾಕಿದವರಿಗೆ ಕೈ ತೋರಿಸು.' ಒಳಗೆ ಹೋದ ಕೂಡಲೇ ಆ ಯೂನಿಫಾರ್ಮ್ ಯಾವುದೆಂದು ಬೆರಳು ಮಾಡಿ ತೋರಿಸಿ. ಕಳೆದುಹೋದರೆ ಮೊದಲು ನೋಡಬೇಕಾದದ್ದು ನೀರು, ಆಮೇಲೆ ಉಳಿದ ಜಾಗ.

ಪ್ರಶ್ನೆ: ಬಿಡದಿಗೆ ಹೋಗುವ ಬದಲು ಮೈಸೂರಿನ ಜಿಆರ್‌ಎಸ್ ಪಾರ್ಕು, ಅದೇ ದಿನ ಸಂಜೆ ಬೃಂದಾವನ ಅಂದುಕೊಂಡಿದ್ದೇವೆ. ಒಂದೇ ರಸ್ತೆ ಅಲ್ಲವೇ?
— ನಂಜನಗೂಡು

ಉತ್ತರ: ರಸ್ತೆ ಒಂದೇ, ಕೆ.ಆರ್.ಎಸ್. ರಸ್ತೆ. ಆದರೆ ಮಗುವಿನ ಕಾಲು ಎರಡೇ. ಐದು ವರ್ಷದೊಳಗಿನವರಿದ್ದರೆ ಬೇಡ. ನೀರಿನಲ್ಲಿ ಆಡಿ ದಣಿದ ಮಗು ಕಾರಂಜಿಗೆ ದೀಪ ಹತ್ತುವಷ್ಟರಲ್ಲಿ ಹೆಗಲ ಮೇಲೆ ಮಲಗಿರುತ್ತದೆ. ಪಾರ್ಕು ಬಿಡದಿಯದಕ್ಕಿಂತ ಚಿಕ್ಕದು, ನಡಿಗೆ ಕಡಿಮೆ, ನಾಲ್ಕು ವರ್ಷದೊಳಗಿನವರಿಗೆ ನಮ್ಮ ಮಟ್ಟಿಗೆ ಅದೇ ಒಳ್ಳೆಯದು. ಎರಡನೆಯ ದಿನ ಉಳಿದರೆ ರೈಲು ವಸ್ತುಸಂಗ್ರಹಾಲಯವೋ ಮೃಗಾಲಯವೋ ನೋಡಿ. ಮೃಗಾಲಯಕ್ಕೆ ಮಂಗಳವಾರ ರಜೆ.

ಪ್ರಶ್ನೆ: ಊರಿನಿಂದ ಅತ್ತೆ-ಮಾವ ಬಂದಿದ್ದಾರೆ. ಇಬ್ಬರು ಮಕ್ಕಳು, ಎರಡೂವರೆ ಮತ್ತು ಆರು ವರ್ಷ. ಅನಾಹೈಮ್‌ನ ಡಿಸ್ನಿಲ್ಯಾಂಡಿಗೆ ಹೊರಟಿದ್ದೇವೆ. ಅತ್ತೆ ಹೊರಗಿನ ಊಟ ಮಾಡುವುದಿಲ್ಲ, ಮಾವನಿಗೆ ಮೊಣಕಾಲು ನೋವು. ನಾವಿಬ್ಬರೂ ಒಂದೆರಡು ದೊಡ್ಡ ಆಟ ಆಡಬೇಕೆಂಬ ಆಸೆ.
— ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಊಟದ ಚಿಂತೆ ಬಿಡಿ, ಅಲ್ಲಿ ಮನೆಯ ತಿಂಡಿ ಒಯ್ಯಬಹುದು. ಗಾಜಿನ ಡಬ್ಬಿ ಮಾತ್ರ ಬೇಡ. ಪುಳಿಯೋಗರೆ, ಚಪಾತಿ-ಪಲ್ಯ ದಿನವಿಡೀ ತಡೆಯುತ್ತವೆ. ಮೊಸರನ್ನ ಬೇಕೆಂದರೆ ಹಾಲು ಹೆಚ್ಚು ಹಾಕಿ ಮೊಸರು ಒಂದೇ ಚಮಚ ಕಲಸಿ, ಮಧ್ಯಾಹ್ನಕ್ಕೆ ಸರಿಯಾಗಿ ಹೆಪ್ಪಾಗಿರುತ್ತದೆ. ಮಾವನಿಗೆ ಪ್ರವೇಶದ್ವಾರದ ಬಳಿಯೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ, 'ನಾನೇನು ಕುಂಟನೇ' ಎಂದರೂ ತೆಗೆದುಕೊಳ್ಳಿ, ಅಲ್ಲಿ ಹತ್ತು ಹನ್ನೆರಡು ಸಾವಿರ ಹೆಜ್ಜೆ ನಡೆಯಬೇಕಾಗಿ ಬರುವುದು ಮಾಮೂಲು.

ಅಲ್ಲಿ ಟಿಕೆಟಿಗೆ ವಯಸ್ಸಿನ ಲೆಕ್ಕ, ಆಟಕ್ಕೆ ಎತ್ತರದ ಲೆಕ್ಕ. ಮೂರು ತುಂಬದ ಚಿಕ್ಕವರಿಗೆ ಟಿಕೆಟ್ ಬೇಡ, ಹಾಗಾಗಿ ಹುಟ್ಟುಹಬ್ಬದ ಮುಂಚೆಯೇ ಹೋಗಿಬನ್ನಿ. ಸ್ಪೇಸ್ ಮೌಂಟನ್, ಬಿಗ್ ಥಂಡರ್ ಎರಡಕ್ಕೂ 40 ಇಂಚು, ಮ್ಯಾಟರ್‌ಹಾರ್ನ್‌ಗೆ 42 ಇಂಚು ಎತ್ತರ ಬೇಕು. ಆರು ವರ್ಷದವರು ಸಾಮಾನ್ಯವಾಗಿ ದಾಟುತ್ತಾರೆ.

ನಿಮ್ಮ ಆಸೆಗೆ ರೈಡರ್ ಸ್ವಿಚ್ ಎಂಬ ಉಚಿತ ವ್ಯವಸ್ಥೆ ಇದೆ. ಎಲ್ಲರೂ ಸಾಲಿನ ಬಾಯಿಗೆ ಹೋಗಿ ಸಿಬ್ಬಂದಿಗೆ ಹೇಳಿ. ಒಬ್ಬರು ಆರು ವರ್ಷದವರ ಜೊತೆ ಆಡಿಬರುತ್ತಾರೆ, ಇನ್ನೊಬ್ಬರು ಚಿಕ್ಕವರೊಂದಿಗೆ ಹೊರಗೆ. ಆಮೇಲೆ ಅದಲು ಬದಲು. ಎರಡನೆಯವರು ಸಾಲನ್ನು ಮೊದಲಿಂದ ನಿಲ್ಲಬೇಕಾಗಿಲ್ಲ, ದೊಡ್ಡ ಮಗು ಅವರ ಜೊತೆ ಇನ್ನೊಂದು ಸುತ್ತು ಆಡಬಹುದು. ಇದೇ ಉಪಾಯವನ್ನು ನಮ್ಮ ಊರಿನ ಪಾರ್ಕುಗಳಲ್ಲೂ ಬಾಯಿಮಾತಿನಲ್ಲಿ ಮಾಡಿಕೊಳ್ಳಬಹುದು. ಸಾಲು ಮಾತ್ರ ಇಬ್ಬರೂ ಬೇರೆಬೇರೆ ನಿಲ್ಲಬೇಕು.

ತಳ್ಳುಗಾಡಿ 31 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ನಾಲ್ಕು ಚಕ್ರದ ಎಳೆಯುವ ವ್ಯಾಗನ್ ಬಿಡುವುದಿಲ್ಲ. ಮೇನ್ ಸ್ಟ್ರೀಟ್ ಕೊನೆಯ ಶಿಶು ಆರೈಕೆ ಕೇಂದ್ರದಲ್ಲಿ ಡೈಪರ್ ಬದಲಿಸಲು, ಮಗುವಿನ ಊಟ ಬಿಸಿ ಮಾಡಲು ಅನುಕೂಲವಿದೆ.

ಪ್ರಶ್ನೆ: ನಮ್ಮಲ್ಲಿ ಕಾರಿಲ್ಲ. ಸ್ಕೂಟರಿನಲ್ಲಿ ಮಗುವನ್ನು ಕೂರಿಸಿಕೊಂಡು ಹೊಸ ಎಕ್ಸ್‌ಪ್ರೆಸ್‌ವೇಯಲ್ಲಿ ವಂಡರ್‌ಲಾಗೆ ಹೋಗಬಹುದೇ?
— ರಾಜಾಜಿನಗರ, ಬೆಂಗಳೂರು

ಉತ್ತರ: 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋಗಳಿಗೆ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಪುಟ್ಟ ಮಗುವಿನೊಂದಿಗೆ ಲಾರಿಗಳ ನಡುವೆ 28 ಕಿ.ಮೀ. ಹೋಗಿ ಬರುವುದನ್ನು ನಾವು ಹೇಳಲಾರೆವು. ಸಂಜೆಯ ವಾಪಸಾತಿಯಲ್ಲಿ ಹಿಂದೆ ಕೂತ ಮಗು ತೂಗಡಿಸುವುದು ಖಂಡಿತ. ನೇರಳೆ ಮಾರ್ಗದ ಮೆಟ್ರೊದಲ್ಲಿ ಚಲ್ಲಘಟ್ಟದವರೆಗೆ ಬನ್ನಿ, ಅಲ್ಲಿಂದ ಬಿಡದಿ ಕಡೆಯ ಬಸ್ಸೋ ಆಟೋವೋ ಹಿಡಿಯಿರಿ. ಕಾರಿನಲ್ಲಿ ಬರುವವರಿಗೂ ಒಂದು ಮಾತು: ಕೆಂಗೇರಿ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲೇ ಇರಿ. ಮುಖ್ಯ ಪಥಕ್ಕೆ ಏರಿದರೆ ಟೋಲೂ ಕೊಟ್ಟು, ಪಾರ್ಕಿನ ತಿರುವೂ ದಾಟಿ, ಮುಂದೆಲ್ಲೋ ಇಳಿದು ವಾಪಸು ಬರಬೇಕಾಗುತ್ತದೆ.